ಹಳೆಯ ಫೌಜಿ ಬಂದೂಕುಗಳ ಪರೀಕ್ಷೆ, ಬೆಳಗಾವಿ: ಗುರುತು ಓದುವುದಕ್ಕೆ ಪೂರ್ಣ ಅಂಕ, ಬೆಲೆ ಕಟ್ಟುವುದಕ್ಕೆ ಅರ್ಧ

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಲೈಸೆನ್ಸ್ ಹೊಂದಿರುವ ಒಂದು ಬಂದೂಕಿನ ಅಂಗಡಿಯಿದೆ. ಮಾರಾಟ, ದುರಸ್ತಿ ಮತ್ತು ಠೇವಣಿ ಅದರ ನಿತ್ಯದ ವ್ಯವಹಾರ. ಇವುಗಳ ಜೊತೆಗೆ, ಮನೆತನಗಳಲ್ಲಿ ಉಳಿದು ಬಂದಿರುವ ಹಳೆಯ ಫೌಜಿ ಬಂದೂಕುಗಳು ಯಾವ ಮಾದರಿಯವು, ಯಾವ ಕಾಲದವು, ಎಷ್ಟು ಬೆಲೆ ಬಾಳುವಂಥವು ಎಂಬುದನ್ನು ಪರೀಕ್ಷಿಸಿ ಬರೆದುಕೊಡುವ ಕೆಲಸವನ್ನೂ ಅಲ್ಲಿ ಶುಲ್ಕ ಪಡೆದು ಮಾಡುತ್ತಾರೆ. ಪರೀಕ್ಷೆ ಮಾಡುವವರು ಸೇನೆಯಲ್ಲಿ ಆರ್ಮರರ್ (ಬಂದೂಕುಗಳ ದುರಸ್ತಿ ನೋಡಿಕೊಳ್ಳುವವರು) ಆಗಿ ದುಡಿದು ನಿವೃತ್ತರಾದ ಹಿರಿಯರು. ಅಂಗಡಿಗೆ ಬರುವವರೆಲ್ಲ ಅವರನ್ನು ಸುಬೇದಾರ್ ಸಾಹೇಬರು ಎಂದೇ ಕರೆಯುತ್ತಾರೆ. ಜನರ ಬಂದೂಕುಗಳು ಠೇವಣಿಯಲ್ಲಿರುವ ಜಾಗವನ್ನು ಊರಿಗೆಲ್ಲ ಸಾರುವುದು ತರವಲ್ಲವಾದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಈ ಊರಿನಲ್ಲಿ ಬಂದೂಕು ಬಲ್ಲ ನಿವೃತ್ತ ಸೈನಿಕರಿಗೆ ಕೊರತೆಯಿಲ್ಲ. ಆದರೆ ಬಂದೂಕನ್ನು ನಡೆಸಬಲ್ಲವರು ಬೇರೆ, ನೂರೈವತ್ತು ವರ್ಷದ ಹಿಂದಿನ ಬಂದೂಕಿನ ಮೇಲೆ ಅಳಿದುಳಿದ ಗುರುತುಗಳನ್ನು ಓದಬಲ್ಲವರು ಬೇರೆ. ಎರಡನೆಯ ಬಗೆಯವರು ಅಪರೂಪ, ಅದಕ್ಕಾಗಿಯೇ ಈ ವಿಮರ್ಶೆ.

ನಮಗೆ ಈ ಸೇವೆ ಬೇಕಾದದ್ದು ಕುತೂಹಲಕ್ಕಲ್ಲ. ಬೈಲಹೊಂಗಲ ತಾಲ್ಲೂಕಿನ ನಮ್ಮ ವಾಡೆಯಲ್ಲಿ ಮೂರು ಹಳೆಯ ಬಂದೂಕುಗಳಿದ್ದು, ಮೂರೂ ತಂದೆಯವರ ಲೈಸೆನ್ಸಿನಲ್ಲಿ ನಮೂದಾಗಿದ್ದವು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯು ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ವಾರಸಾಗಿ ಬರುವ ಬಂದೂಕುಗಳಿಗೂ ಅದೇ ಮಿತಿಯನ್ನು ಹಾಕಿತು. ಆಗ ತಂದೆಯವರು ಒಂದನ್ನು ಈ ಅಂಗಡಿಯಲ್ಲಿ ಠೇವಣಿ ಇಟ್ಟರು; ಅವರು ತೀರಿಕೊಂಡ ಮೇಲೆ ಉಳಿದೆರಡನ್ನೂ ನಾವು ಅಲ್ಲಿಯೇ ಒಪ್ಪಿಸಿದೆವು. ಅಣ್ಣತಮ್ಮಂದಿರ ವಾಟ್ನಿಯ (ಆಸ್ತಿ ಪಾಲಿನ) ಮಾತು ಬಂದಾಗ, ಯಾವ ಬಂದೂಕು ಯಾರ ಹೆಸರಿಗೆ ಹೋಗಬೇಕು, ವಾಟ್ನಿ ಪತ್ರದಲ್ಲಿ ಅದರ ಮುಂದೆ ಯಾವ ಬೆಲೆ ಬರೆಯಬೇಕು ಎಂಬ ಪ್ರಶ್ನೆಗಳು ಎದ್ದವು. ಲೈಸೆನ್ಸಿನ ಪುಸ್ತಕದಲ್ಲಿದ್ದದ್ದು ‘ಒಂಟಿ ನಳಿಗೆ, ಮುಂಬಾಯಿಂದ ತುಂಬುವುದು’ ಎಂಬಂಥ ಒಂದೊಂದು ಸಾಲು ಮಾತ್ರ. ಅದರಿಂದ ಬಂದೂಕಿನ ಜಾತಕ ತಿಳಿಯುವುದಿಲ್ಲ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೆಲಸದ ಕ್ರಮ. ನಮ್ಮ ಕಡೆ ಹಳೆಯ ಬಂದೂಕು ಇರುವ ಪ್ರತಿಯೊಂದು ಮನೆಯಲ್ಲಿಯೂ ಅದಕ್ಕೊಂದು ಕಥೆ ಇರುತ್ತದೆ, ಮತ್ತು ಆ ಕಥೆ ಬಹುತೇಕ ಕಿತ್ತೂರಿಗೋ ಸಂಗೊಳ್ಳಿ ರಾಯಣ್ಣನಿಗೋ ಹೋಗಿ ಮುಟ್ಟುತ್ತದೆ. ನಮ್ಮ ಚಿಕ್ಕಪ್ಪ ಕುರ್ಚಿಯಲ್ಲಿ ಕುಳಿತವರೇ ಕಥೆ ಆರಂಭಿಸಿದರು. ಸುಬೇದಾರ್ ಸಾಹೇಬರು ಕೈ ಎತ್ತಿ, “ಮನಿತನದ ಕತಿ ಆಮ್ಯಾಲೆ ಹೇಳ್ರಿ ಕಾಕಾ, ಮೊದಲ ಕಬ್ಬಣ ಏನ್ ಹೇಳತೈತಿ ಕೇಳೂಣು” ಎಂದರು. ಅವರು ಮೊದಲು ಮಾಡಿದ ಕೆಲಸವೂ ಗುರುತು ಓದುವುದಲ್ಲ. ಉದ್ದನೆಯ ಒಂದು ಕಟ್ಟಿಗೆಯ ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸೀಸಕಡ್ಡಿಯಿಂದ ಗೆರೆ ಎಳೆದು, ಹೊರತೆಗೆದು, ಅದೇ ಗಜವನ್ನು ನಳಿಗೆಯ ಹೊರಮೈಗೆ ಹೊಂದಿಸಿ ಹಿಡಿದರು. ಗಜದ ತುದಿ ಕೇಪು (ಬಡಿದರೆ ಕಿಡಿ ಕೊಡುವ ಸಣ್ಣ ಲೋಹದ ಟೋಪಿ) ಕೂರುವ ಜಾಗವನ್ನು ಮುಟ್ಟದೆ ಎರಡು ಬೆರಳು ಈಚೆಗೇ ನಿಂತಿತ್ತು, ಎಂದರೆ ಒಳಗೆ ಏನೋ ಇತ್ತು. ಮುಂಬಾಯಿಂದ ಮದ್ದು ತುಂಬುವ ಬಂದೂಕುಗಳಲ್ಲಿ ಅಜ್ಜ ತುಂಬಿಟ್ಟ ಮದ್ದು ಮೊಮ್ಮಗನ ಕಾಲದವರೆಗೂ ಹಾಗೆಯೇ ಉಳಿದಿರಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮದರಲ್ಲಿ ಸಿಕ್ಕಿದ್ದು ಕುಂಬಾರ ಹುಳುವಿನ ಮಣ್ಣು ಮತ್ತು ಒಂದು ಚಿಂದಿ ಅರಿವೆ. ಅದನ್ನೆಲ್ಲ ಹೊರಗೆ ತೆಗೆದ ನಂತರವೇ ಬಂದೂಕನ್ನು ಬೆಂಚಿನ ಮೇಲೆ ಮಲಗಿಸಿದರು.

ಕಿತ್ತೂರಿನ ಯುದ್ಧದಲ್ಲಿ ಇಂಗ್ಲಿಷರಿಂದ ಕಸಿದುಕೊಂಡದ್ದು ಎಂದು ನಾವು ಕೇಳುತ್ತ ಬಂದದ್ದು ಇದೇ ಬಂದೂಕಿನ ಬಗ್ಗೆ. ಮೂರು ಕಬ್ಬಿಣದ ಕಟ್ಟುಗಳಿಂದ ನಳಿಗೆಯನ್ನು ಕಟ್ಟಿಗೆಗೆ ಬಿಗಿದಿರುವ, ಹಿತ್ತಾಳೆಯ ಬಟ್‌ಪ್ಲೇಟಿನ, ಆಳೆತ್ತರದ ಬಂದೂಕು ಅದು. ಕುದುರೆಯ, ಎಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಪಕ್ಕದ ಪಟ್ಟಿಯ ಮೇಲೆ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ತೀಡಿ, ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟಾಗ ಒಂದು ಕಿರೀಟ, ಅದರ ಕೆಳಗೆ ರಾಣಿ ವಿಕ್ಟೋರಿಯಾಳ ಮುದ್ರೆಯಾದ ವಿ.ಆರ್. ಎಂಬ ಎರಡಕ್ಷರ, ಮುಂದುಗಡೆ ಟವರ್ ಎಂಬ ಶಬ್ದ ಮತ್ತು 1860 ಎಂಬ ಇಸವಿ ಎದ್ದು ಬಂದವು. ಲಂಡನ್ನಿನ ಟವರ್ ಕೋಟೆಯಲ್ಲೇ ತಯಾರಾದದ್ದು ಎಂದು ಹಲವರು ಇದಕ್ಕೆ ಅರ್ಥ ಹಚ್ಚುತ್ತಾರೆ; ವಾಸ್ತವವಾಗಿ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಗುತ್ತಿಗೆದಾರರು ಮಾಡಿ ಕೊಟ್ಟು, ಸರ್ಕಾರದ ಪರೀಕ್ಷಕರು ಒಪ್ಪಿದ ಬಂದೂಕುಗಳ ಮೇಲೆ ಆ ಶಬ್ದ ಇರುತ್ತದೆ, ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯಲ್ಲಿ ಆದದ್ದರ ಮೇಲೆ ಎನ್‌ಫೀಲ್ಡ್ ಎಂದೇ ಇರುತ್ತದೆ. ಕಿತ್ತೂರಿನಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದದ್ದು 1824ರ ಅಕ್ಟೋಬರ್ 23ರಂದು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಆದ್ದರಿಂದ ಇಸವಿಯನ್ನು ಓದುವ ಮೊದಲೇ ಆ ಎರಡಕ್ಷರಗಳು ಮನೆತನದ ಕಥೆಯನ್ನು ಅಲ್ಲಗಳೆಯುತ್ತವೆ. ಅಷ್ಟೇ ಅಲ್ಲದೆ, ಕಿತ್ತೂರಿನ ಕಾಲಕ್ಕೆ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು, ಅದರ ನಳಿಗೆಯ ಒಳ ಅಳತೆ ಮುಕ್ಕಾಲು ಇಂಚು, ಅದರ ಪಟ್ಟಿಯ ಮೇಲೆ ಇರುತ್ತಿದ್ದದ್ದು ಹಿಂಗಾಲಿನ ಮೇಲೆ ನಿಂತ ಕಂಪನಿಯ ಸಿಂಹ. ಕೇಪಿನ ಬಂದೂಕು ಬ್ರಿಟಿಷ್ ಪಲಟನ್ನುಗಳಿಗೆ ಬಂದದ್ದು 1840ರ ಆಸುಪಾಸಿನಲ್ಲಿ.

“ಅಂದ್ರ ಚನ್ನಮ್ಮನ ಕಾಲದ್ದ ಅಲ್ಲೇನ್ರಿ?” ಎಂದು ಚಿಕ್ಕಪ್ಪ ಕೇಳಿದರು. “ಅಲ್ರಿ ಕಾಕಾ. ತಾಯಿ ನಿಮ್ಮ ಬೈಲಹೊಂಗಲದಾಗ ತೀರಿಕೊಂಡ ಮೂವತ್ತೊಂದ ವರ್ಷಕ್ಕ ಇದು ಹುಟ್ಟೇತಿ” ಎಂಬ ಉತ್ತರ ಬಂದಿತು. ಚಿಕ್ಕಪ್ಪ ಮುಂದೆ ಮಾತಾಡಲಿಲ್ಲ, ಆದರೆ ಒಪ್ಪಿದಂತೆಯೂ ಕಾಣಲಿಲ್ಲ.

ಸಾಮಾನ್ಯ ಪರೀಕ್ಷಕರು ಇಷ್ಟಕ್ಕೆ ನಿಂತು, 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಎಂದು ಬರೆದು ಮುಗಿಸುತ್ತಿದ್ದರು. ಹೊರನೋಟಕ್ಕೆ ನಮ್ಮದೂ ಅದರಂತೆಯೇ. ಸುಬೇದಾರ್ ಸಾಹೇಬರು ನಳಿಗೆಯ ಬಾಯಿಯನ್ನು ವರ್ನಿಯರಿನಿಂದ ಅಳೆದರು. 1853ರ ರೈಫಲಿನ ಒಳ ಅಳತೆ .577 ಇಂಚು, ಸುಮಾರು 14.7 ಮಿಲಿಮೀಟರ್, ಒಳಗೆ ಮೂರು ಸುರುಳಿ ಗೀರುಗಳಿರಬೇಕು. ಇದರ ಅಳತೆ ಅದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು, ಒಳಮೈ ಪೂರ್ತಿ ನುಣುಪು, ಹಿಂದಿನ ಗುರಿಕಟ್ಟೆಯೂ ಮೇಲೆ ಕೆಳಗೆ ಆಗದ ಒಂದು ಕಬ್ಬಿಣದ ಗಟ್ಟಿ. 1857ರ ದಂಗೆಗೆ ಕಿಡಿಯಾದದ್ದು ಇದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟೆ ಎಂಬುದು ಶಾಲೆಯಲ್ಲಿ ಎಲ್ಲರೂ ಓದಿದ ಸಂಗತಿ. ದಂಗೆ ಅಡಗಿದ ಮೇಲೆ ಸರ್ಕಾರವು ದೇಶೀ ಸಿಪಾಯಿಗಳ ಕೈಗೆ ದೂರಕ್ಕೆ ಗುರಿ ಹಿಡಿಯುವ ರೈಫಲ್ ಕೊಡಲು ಒಪ್ಪದೆ, ಅದೇ ರೂಪದ ಆದರೆ ಗೀರುಗಳಿಲ್ಲದ ಬಂದೂಕುಗಳನ್ನು ಕೊಟ್ಟಿತು ಎಂಬುದು ಅಷ್ಟಾಗಿ ಓದಿಗೆ ಬಂದಿಲ್ಲ. ಇವುಗಳಲ್ಲಿ ಮೊದಲನೆಯದಾದ 1858ರ ಮಾದರಿಯಲ್ಲಿ, ಇದ್ದ ನಳಿಗೆಯನ್ನೇ .656 ಇಂಚಿಗೆ ಕೊರೆದು ಅಗಲ ಮಾಡಿದ್ದರಿಂದ ಬಾಯಿಯ ಹತ್ತಿರ ಕಬ್ಬಿಣ ತೀರ ತೆಳ್ಳಗಾಗಿ ಬಾಗುತ್ತಿತ್ತು. 1859ರ ಮಾದರಿಗೆ ದಪ್ಪ ಗೋಡೆಯ ನಳಿಗೆಯನ್ನೇ ಹೊಸದಾಗಿ ಮಾಡಿದರು. ನಮ್ಮದು ದಪ್ಪ ಗೋಡೆಯದು. ಹೀಗೆ ನಮ್ಮ ಬಂದೂಕು 1859ರ ಮಾದರಿಯದು ಎಂದು ತೀರ್ಮಾನವಾಯಿತು. ನನ್ನ ಮಟ್ಟಿಗೆ ಇದು ಕಿತ್ತೂರಿನ ಕಥೆಗಿಂತ ಕಡಿಮೆಯದಲ್ಲ, ಏಕೆಂದರೆ ಆಳುವವರ ಹೆದರಿಕೆಯನ್ನು ನಳಿಗೆಯೊಳಗೆ ಬೆರಳಿಟ್ಟು ಮುಟ್ಟಿ ನೋಡಬಹುದು.

ಎರಡನೆಯದು ಸ್ನೈಡರ್ ಎಂದು ನಮಗೆ ಮೊದಲೇ ತಿಳಿದಿತ್ತು. ಕಾಲ ನಿರ್ಣಯದಲ್ಲಿ ಜನ ಸಾಮಾನ್ಯವಾಗಿ ಎಡವುವ ಜಾಗ ಇದು. ಪಟ್ಟಿಯ ಮೇಲೆ 1862 ಎಂದಿದೆ. ಆದರೆ ಜೇಕಬ್ ಸ್ನೈಡರನ ಪದ್ಧತಿಯನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡದ್ದು 1866ರಲ್ಲಿ. ಮುಂಬಾಯಿಂದ ತುಂಬುವ ಎನ್‌ಫೀಲ್ಡುಗಳು ಲಕ್ಷಗಟ್ಟಲೆ ಇದ್ದುದರಿಂದ, ಅವುಗಳ ನಳಿಗೆಯ ಹಿಂಭಾಗವನ್ನು ಎರಡೂವರೆ ಇಂಚಿನಷ್ಟು ಕತ್ತರಿಸಿ, ಬಲಕ್ಕೆ ತೆರೆದುಕೊಳ್ಳುವ ಮುಚ್ಚಳವಿರುವ ಹೊಸ ಭಾಗವನ್ನು ತಿರುಪಿ ಕೂರಿಸಿದರು. ಕುದುರೆ, ಪಟ್ಟಿ, ಕಟ್ಟಿಗೆ ಎಲ್ಲವೂ ಹಳೆಯವೇ. ಆದ್ದರಿಂದ ಪಟ್ಟಿಯ ಇಸವಿ ಬಂದೂಕಿನ ಮೊದಲ ಹುಟ್ಟನ್ನು ಹೇಳುತ್ತದೆಯೇ ಹೊರತು ಈಗಿನ ರೂಪವನ್ನಲ್ಲ. ನಮ್ಮದರ ಹಿಂಭಾಗದ ಮೇಲೆ ರೋಮನ್ ಎರಡು ಮತ್ತು ಎರಡು ನಕ್ಷತ್ರಗಳ ಗುರುತಿದೆ, ಎಂದರೆ ಇದು ಎರಡನೆಯ ಮಾರ್ಕ್ (ಆವೃತ್ತಿ). ಮುಚ್ಚಳಕ್ಕೆ ಚಿಲಕವಿರುವ, ನಳಿಗೆಯ ಮೇಲೆ ಸ್ಟೀಲ್ ಎಂದು ಒತ್ತಿರುವ ಮೂರನೆಯ ಮಾರ್ಕ್ ಇದಲ್ಲ. ವರದಿಯಲ್ಲಿ ‘1862ರ ಲಾಕ್, 1866ರ ನಂತರದ ಪರಿವರ್ತನೆ’ ಎಂದು ಎರಡನ್ನೂ ಬೇರೆ ಬೇರೆ ಬರೆದಿದ್ದಾರೆ, ಅದು ಸರಿಯಾದ ರೀತಿ. ಮುಚ್ಚಳವನ್ನು ಬಲಕ್ಕೆ ಮಗುಚಿ ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಬರುತ್ತದೆಯೇ ವಿನಾ ಕೆಳಗೆ ಬೀಳುವುದಿಲ್ಲ, ಸಿಪಾಯಿ ಬಂದೂಕನ್ನು ಹೊರಳಿಸಿ ಅದನ್ನು ಬೀಳಿಸಬೇಕಾಗಿತ್ತು ಎಂಬುದನ್ನು ಒಂದು ಕಟ್ಟಿಗೆಯ ತುಂಡಿನಿಂದ ಮಾಡಿ ತೋರಿಸಿದರು. ಇದರ ಮೂಲ ಗಜ ಎಂದೋ ಕಳೆದುಹೋಗಿ, ಆ ಜಾಗದಲ್ಲಿ ಯಾರೋ ಪರದೆಯ ಸಲಾಕೆಯನ್ನು ತುರುಕಿದ್ದರು.

ಮೂರನೆಯ ಬಂದೂಕಿನ ಪರೀಕ್ಷೆಯೇ ಕೊಟ್ಟ ಶುಲ್ಕಕ್ಕೆ ನಿಜವಾದ ಪ್ರತಿಫಲ. ಕುದುರೆಯಿಲ್ಲದ, ಟ್ರಿಗರಿನ ಕುಣಿಕೆಯ ಹಿಂದಿನ ಸನ್ನೆಯನ್ನು ಕೆಳಕ್ಕೆ ಒತ್ತಿದರೆ ಒಳಗಿನ ಗಟ್ಟಿ ಬಾಗಿ ತೋಟೆಯ ದಾರಿ ತೆರೆಯುವ ಮಾರ್ಟಿನಿ-ಹೆನ್ರಿ ಅದು. ಬ್ರಿಟಿಷ್ ಸೇನೆ ಇದನ್ನು 1871ರಲ್ಲಿ ಒಪ್ಪಿಕೊಂಡಿತು. 1888ರಲ್ಲಿ ಮ್ಯಾಗಜಿನ್ ಇರುವ .303 ಲೀ-ಮೆಟ್‌ಫೋರ್ಡ್ ಬಂದ ಮೇಲೆ ಇದು ಮುಂಚೂಣಿಯಿಂದ ಹಿಂದೆ ಸರಿಯಿತು. ನಮ್ಮದರ ಬಲಮಗ್ಗುಲಲ್ಲಿ ಕಿರೀಟ, ವಿ.ಆರ್., ಎನ್‌ಫೀಲ್ಡ್ ಎಂಬ ಬರಹ ಮತ್ತು 1904 ಎಂಬ ಇಸವಿ ಬರಿಗಣ್ಣಿಗೇ ಕಾಣುತ್ತಿದ್ದವು. ಎಲ್ಲ ಸ್ಪಷ್ಟವಾಗಿದೆಯಲ್ಲ, ಇದರಲ್ಲಿ ನೋಡುವುದೇನಿದೆ ಎಂದು ನಾವು ಅಂದುಕೊಂಡಿದ್ದೆವು. ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿ 22ರಂದು. ಅಲ್ಲಿಂದ 1910ರವರೆಗೆ ಮಾಡಿದ ಬಂದೂಕುಗಳ ಮೇಲೆ ಎಡ್ವರ್ಡನ ಇ.ಆರ್. ಇರಬೇಕು. ಮೊದಲನೆಯ ಬಂದೂಕು ಆ ರಾಣಿ ಪಟ್ಟಕ್ಕೆ ಬರುವ ಮೊದಲಿನದಾಗಲು ಸಾಧ್ಯವಿರಲಿಲ್ಲ. ಇದರ ಮೇಲೆ ಆಕೆ ತೀರಿಕೊಂಡ ಮೂರು ವರ್ಷದ ನಂತರವೂ ಆಕೆಯ ಮುದ್ರೆ ಬಿದ್ದಿದೆ.

ಅಲ್ಲಿಂದ ಮುಂದೆ ಭೂತಗನ್ನಡಿ ಕೈಗೆ ಬಂದಿತು. ಎನ್‌ಫೀಲ್ಡ್ ಎಂಬ ಇಂಗ್ಲಿಷ್ ಬರಹದಲ್ಲಿ ಎನ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿದೆ. ಅಕ್ಷರಗಳು ಒಂದೇ ಅಚ್ಚಿನಿಂದ ಬಿದ್ದವಲ್ಲ, ಸಣ್ಣ ಉಳಿಯಿಂದ ಒಂದೊಂದಾಗಿ ಕಡೆದವು. ಸಾಲು ಬಲಕ್ಕೆ ಹೋದಂತೆ ಮೇಲೇರುತ್ತದೆ, ಕೊನೆಯ ಡಿ ಅಕ್ಷರದ ಹೊಟ್ಟೆಯಲ್ಲಿ ಉಳಿ ಜಾರಿದ ಗೀರು ಕೂಡ ಇದೆ. ಕಿರೀಟದ ಮೇಲೆ ಶಿಲುಬೆ ಇರಬೇಕಾದ ಕಡೆ ಮೂರು ಚುಕ್ಕೆಗಳಿವೆ. ಇವಿಷ್ಟನ್ನು ನೋಡಿಯೂ ಅವರು ತೀರ್ಪು ಕೊಡದೆ, ಗಜದ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಹಿಡಿಯ ಮೇಲೆ ಒಂದು ಗುರುತು ಮಾಡಿ, ನಳಿಗೆಯೊಳಗೆ ನಿಧಾನವಾಗಿ ನೂಕಿದರು. ಒಳಗಿನ ಗೀರುಗಳು ಬಟ್ಟೆಯನ್ನು ತಿರುಗಿಸಿದಂತೆ ಹಿಡಿಯೂ ತಿರುಗುತ್ತದೆ. ಒಂದು ಪೂರ್ತಿ ಸುತ್ತಿಗೆ ಗಜ ಎಷ್ಟು ಒಳಹೋಯಿತೆಂದು ಅಳೆದರೆ ಸುರುಳಿಯ ಅಳತೆ ಸಿಗುತ್ತದೆ. ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯ ನಳಿಗೆಯಲ್ಲಿ ಏಳು ಗೀರುಗಳಿದ್ದು, 22 ಇಂಚಿಗೆ ಒಂದು ಸುತ್ತು ಬರಬೇಕು. ನಮ್ಮದರಲ್ಲಿ ಗೀರುಗಳ ಸಂಖ್ಯೆಯೂ ಏಳಲ್ಲ, ಸುತ್ತೂ ಅಷ್ಟರಲ್ಲಿ ಮುಗಿಯಲಿಲ್ಲ. ಆಮೇಲೆ ಅವರು ಹೇಳಿದರು: ಇದು ಎನ್‌ಫೀಲ್ಡಿನದಲ್ಲ, ವಾಯವ್ಯ ಸರಹದ್ದಿನದು. ಪೇಶಾವರ ಮತ್ತು ಕೋಹಾಟಿನ ನಡುವಿನ ದರ್ರಾ ಆದಂ ಖೇಲ್‌ನಂಥ ಊರುಗಳಲ್ಲಿ ಪಠಾಣ ಕಮ್ಮಾರರು ಇಂಗ್ಲಿಷರ ಬಂದೂಕನ್ನು ಎದುರಿಗಿಟ್ಟುಕೊಂಡು, ಅದರ ಮೇಲಿನ ಬರಹವನ್ನು ಓದಲಾಗದಿದ್ದರೂ ಚಿತ್ರವೆಂದು ನಕಲು ಮಾಡಿ, ಕೈಯಿಂದಲೇ ತಯಾರಿಸುತ್ತಿದ್ದ ಬಂದೂಕು.

ಈಗ ಮನೆತನದ ಕಥೆಯ ಸರದಿ ಬಂದಿತು. ಅಜ್ಜನ ಕಾಕಾ ಒಬ್ಬರು ಫೌಜಿನಲ್ಲಿದ್ದು ಸರಹದ್ದಿನಲ್ಲಿ ಹಲವು ವರ್ಷ ಕಳೆದು ಬಂದರು ಎಂದು ನಾವು ಕೇಳಿದ್ದೆವು; ಅದಕ್ಕೆ ಕಾಗದದ ಆಧಾರ ಇರಲಿಲ್ಲ. ಎನ್‌ಫೀಲ್ಡಿನಲ್ಲಿ ತಯಾರಾದ ಬಂದೂಕಾಗಿದ್ದರೆ ಅದು ಯಾವ ದಾರಿಯಿಂದಲಾದರೂ ನಮ್ಮ ಮನೆಗೆ ಬಂದಿರಬಹುದಿತ್ತು. ಇದು ಸರಹದ್ದಿನಲ್ಲಿ ತಯಾರಾದದ್ದು ಎಂದಾದ ಮೇಲೆ ಆ ಮಾತಿಗೆ ಬಲ ಬಂದಿತು. ಸಾಚಾ ಬಂದೂಕಿನ ಕಥೆ ಸುಳ್ಳಾಗಿ, ನಕಲು ಬಂದೂಕಿನ ಕಥೆ ನಿಜಕ್ಕೆ ಹತ್ತಿರವಾದದ್ದನ್ನು ಕಂಡು ಚಿಕ್ಕಪ್ಪ ಕೂಡ ನಕ್ಕರು.

ಇಚ್ಛಾಪುರದ ರೈಫಲ್ ಕಾರ್ಖಾನೆಯ ಬಂದೂಕುಗಳ ವಿಷಯದಲ್ಲಿ ಸುಬೇದಾರ್ ಸಾಹೇಬರ ಹಿಡಿತ ಇನ್ನೂ ಹೆಚ್ಚಿನದೆಂದು ಅವರ ಮಾತಿನಿಂದ ತಿಳಿಯಿತು, ಸೇವೆಯಲ್ಲಿ ಅವರ ಕೈಯಲ್ಲಿ ಹಾದುಹೋದವು ಅವೇ. ಸ್ವಾತಂತ್ರ್ಯಕ್ಕೆ ಮೊದಲಿನವುಗಳ ಮೇಲೆ ಕಿರೀಟ ಮತ್ತು ಜಾರ್ಜ್ ದೊರೆಯ ಜಿ.ಆರ್.ಐ., ನಂತರದವುಗಳ ಮೇಲೆ ಅಶೋಕ ಸ್ತಂಭ ಮತ್ತು ಕಾರ್ಖಾನೆಯ ಹೆಸರಿನ ಆರ್.ಎಫ್.ಐ. ಇರುವುದನ್ನೂ, ಚೀನಾ ಯುದ್ಧದ ನಂತರ ಅದೇ ಲೀ-ಎನ್‌ಫೀಲ್ಡ್ ರೂಪವನ್ನು 7.62 ಮಿಲಿಮೀಟರ್ ತೋಟೆಗೆ ಹೊಂದಿಸಿದ 2ಎ ಮಾದರಿಯನ್ನೂ ಚಿತ್ರಗಳ ಮೂಲಕ ವಿವರಿಸಿದರು. ಆದರೆ .303 ನಿಷೇಧಿತ ಬೋರಿನದಾದ್ದರಿಂದ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಸರಿಯಾದ ಕಾಗದವಿಲ್ಲದೆ ಅಂಥದನ್ನು ಬೆಂಚಿನ ಹತ್ತಿರವೂ ತರಗೊಡುವುದಿಲ್ಲ. ಈ ಬಿಗಿತನ ಒಳ್ಳೆಯದು.

ಖಂಡೇನವಮಿಯ ವಿಷಯವನ್ನೂ ಬರೆಯಬೇಕು, ಏಕೆಂದರೆ ನಮ್ಮ ಭಾಗದ ಹಳೆಯ ಬಂದೂಕುಗಳ ಬೆಲೆಯನ್ನು ತುಕ್ಕಿಗಿಂತ ಹೆಚ್ಚಾಗಿ ಹಾಳು ಮಾಡಿದ್ದು ಭಕ್ತಿ. ವರ್ಷಕ್ಕೊಮ್ಮೆ ಆಯುಧಗಳನ್ನು ಹೊರತೆಗೆದು, ಇಟ್ಟಿಗೆ ಪುಡಿಯಿಂದಲೋ ಉಸುಕಿನ ಕಾಗದದಿಂದಲೋ ಬೆಳ್ಳಗೆ ಹೊಳೆಯುವಂತೆ ತಿಕ್ಕಿ, ವಿಭೂತಿ ಹಚ್ಚಿ ಪೂಜಿಸುವುದು ವಾಡೆಗಳಲ್ಲಿ ನಡೆದುಬಂದಿದೆ. ಸ್ನೈಡರಿನ ಪಟ್ಟಿಯನ್ನು ನೋಡಿದ ಕೂಡಲೇ ಸುಬೇದಾರ್ ಸಾಹೇಬರು, “ಯಾರ್ ತಿಕ್ಯಾರ್ರಿ ಇದನ್ನ, ಇಷ್ಟ್ ಶ್ರದ್ಧಾಲೆ?” ಎಂದು ಕೇಳಿದರು. ಕಿರೀಟದ ಅರ್ಧ ಅಳಿಸಿಹೋಗಿತ್ತು. ಒಮ್ಮೆ ಉಸುಕಿನ ಕಾಗದ ಆಡಿದ ಮೇಲೆ ಹಳೆಯ ಕಬ್ಬಿಣದ ಕಂದುಬಣ್ಣವೂ ಗುರುತುಗಳ ಅಂಚೂ ಮರಳಿ ಬರುವುದಿಲ್ಲ, ಬೆಲೆಯೂ ಬರುವುದಿಲ್ಲ. ಅವರು ಹೇಳಿದ ಆರೈಕೆ ಸರಳವಾದದ್ದು: ಕಬ್ಬಿಣಕ್ಕೆ ಒಣ ಅರಿವೆ ಮತ್ತು ತೆಳ್ಳಗೆ ಮಷಿನ್ ಎಣ್ಣೆ, ಕಟ್ಟಿಗೆಗೆ ಹಸಿ ಅಗಸಿ ಎಣ್ಣೆ, ವಾರ್ನಿಶ್ ಬೇಡವೇ ಬೇಡ. ಎನ್‌ಫೀಲ್ಡ್ ಬಂದೂಕುಗಳ ಕಟ್ಟಿಗೆಗೆ ಸೇನೆಯಲ್ಲಿ ಹಚ್ಚುತ್ತಿದ್ದದ್ದೂ ಅಗಸಿ ಎಣ್ಣೆಯೇ. ಹಿತ್ತಾಳೆಯ ಬಟ್‌ಪ್ಲೇಟನ್ನು ಬಿಚ್ಚಿ ಮೋಡಕಾದವರಿಗೆ (ಗುಜರಿಯವರಿಗೆ) ತೂಕಕ್ಕೆ ಹಾಕಿದ ಮನೆಗಳನ್ನೂ ಅವರು ಕಂಡಿದ್ದಾರಂತೆ. ಆ ಲೆಕ್ಕದಲ್ಲಿ ನಾವು ಮೇಲು. ಚುನಾವಣೆಯ ಕಾಲಕ್ಕೆ ಬಂದೂಕನ್ನು ಠೇವಣಿ ಇಟ್ಟಾಗ ಠಾಣೆಯಲ್ಲಿ ಹಿಂಬದಿಯ ಕಟ್ಟಿಗೆಯ ಮೇಲೆ ಬಿಳಿ ಬಣ್ಣದಿಂದ ಬರೆದ ನಂಬರನ್ನು ಕೆರೆದು ತೆಗೆಯಬೇಕೇ ಎಂದು ಕೇಳಿದ್ದಕ್ಕೆ, ಅದೂ ಬಂದೂಕಿನ ಚರಿತ್ರೆಯೇ, ಇರಲಿ ಎಂದರು.

ಇಲ್ಲಿಯವರೆಗಿನ ಮೆಚ್ಚುಗೆ ಬೆಲೆಯ ವಿಭಾಗಕ್ಕೆ ಬಂದಾಗ ಕಡಿಮೆಯಾಗುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಅಮೆರಿಕದ ಹರಾಜುಗಳಲ್ಲಿ ಮಾರ್ಟಿನಿ-ಹೆನ್ರಿಗೆ ಡಾಲರುಗಳಲ್ಲಿ ದೊಡ್ಡ ಅಂಕಿಗಳು ಕಾಣುತ್ತವೆ, ಆ ಆಸೆಯಿಂದಲೇ ಬರುವವರು ಬಹಳ. ಅಲ್ಲಿನ ಕೇಂದ್ರ ಕಾನೂನಿನಲ್ಲಿ 1898ರವರೆಗಿನ ಬಂದೂಕು ಪುರಾತನ ವಸ್ತು. ಅದಕ್ಕೆ ಅಲ್ಲಿ ಸಾವಿರಾರು ಸಂಗ್ರಾಹಕರಿದ್ದಾರೆ. ಇಲ್ಲಿ ಕೊಳ್ಳುವವನಿಗೆ ಲೈಸೆನ್ಸ್ ಬೇಕು, ಅದರಲ್ಲಿ ಎರಡರ ಮಿತಿಯೊಳಗೆ ಜಾಗ ಬೇಕು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸುತ್ತದೆ. ಹೀಗಾಗಿ ಪರದೇಶದ ಬೆಲೆಯನ್ನು ರೂಪಾಯಿಗೆ ಗುಣಿಸುವುದರಲ್ಲಿ ಅರ್ಥವಿಲ್ಲ ಎಂದು ಅಂಗಡಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಮುಂಬಯಿ ಪ್ರಾಂತದ ಕಾಲದಿಂದ ಬಂದ ನಮ್ಮ ಹಳೆಯ ಲೈಸೆನ್ಸ್ ಪುಸ್ತಕಗಳನ್ನು ಬಂದೂಕಿನ ಜೊತೆಗೇ ಇಡಬೇಕು, ಕಾಗದವಿರುವ ಬಂದೂಕಿಗೂ ಇಲ್ಲದ್ದಕ್ಕೂ ಬೆಲೆ ಒಂದೇ ಅಲ್ಲ ಎಂಬುದೂ ನಿಜ. 1857ರ ನಿಶ್ಶಸ್ತ್ರೀಕರಣದ ಕಾನೂನಿಗೆ ಎದುರು ನಿಂತ ಹಲಗಲಿ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯದು. 1878ರ ಕಾಯ್ದೆಯೂ ಸೇರಿ ಈ ಸೀಮೆಯ ಮನೆಗಳಿಂದ ಎಷ್ಟೋ ಆಯುಧಗಳು ಹೊರಟುಹೋದವು, ಕಾಗದದೊಂದಿಗೆ ಉಳಿದದ್ದಕ್ಕೆ ಅದೇ ಕಾರಣದಿಂದ ತೂಕ ಹೆಚ್ಚು.

ಇಷ್ಟೆಲ್ಲ ಬಲ್ಲವರು ವರದಿಯಲ್ಲಿ ಮಾತ್ರ ಪ್ರತಿ ಬಂದೂಕಿಗೆ ಒಂದೇ ಒಂದು ಅಂಕಿಯನ್ನು, ಕಾರಣ ಬರೆಯದೆ, ಕೊಟ್ಟಿದ್ದಾರೆ. ವಿಮೆಗೆ ಬೇಕಾದ ಬೆಲೆ ಬೇರೆ, ಲೈಸೆನ್ಸ್ ಇರುವ ವ್ಯಾಪಾರಿ ಕೊಡುವ ಬೆಲೆ ಬೇರೆ, ಅಣ್ಣತಮ್ಮಂದಿರು ವಾಟ್ನಿಯಲ್ಲಿ ಒಪ್ಪಿಕೊಳ್ಳಬಹುದಾದ ಬೆಲೆ ಬೇರೆ. ಯಾವ ಬೆಲೆ ಇದು ಎಂದು ಕೇಳಿದರೆ “ಅಂದಾಜು” ಎಂಬ ಉತ್ತರ. ಗಜ ಇಲ್ಲದ್ದಕ್ಕೆ ಎಷ್ಟು ಕಡಿತ, ತಿಕ್ಕಿದ್ದಕ್ಕೆ ಎಷ್ಟು, ಕಟ್ಟಿಗೆ ಮೂಲದ್ದೇ ಇರುವುದಕ್ಕೆ ಎಷ್ಟು ಹೆಚ್ಚು ಎಂಬುದನ್ನು ಬಾಯಲ್ಲಿ ಹೇಳಿದಂತೆ ಕಾಗದದಲ್ಲಿಯೂ ಬರೆದಿದ್ದರೆ ವಕೀಲರ ಮುಂದೆ ನಮಗೆ ಅನುಕೂಲವಾಗುತ್ತಿತ್ತು. ಆ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ನಮ್ಮ ಬಂದೂಕಿಗೆ, ನಮ್ಮ ಕಾಗದಗಳಿಗೆ ಮಾತ್ರ ಹೊಂದುವಂಥವು.

ಸರಹದ್ದಿನ ಬಂದೂಕಿಗೆ ಕಟ್ಟಿದ ಬೆಲೆಯನ್ನಂತೂ ನಾನು ಒಪ್ಪುವುದಿಲ್ಲ. ನಕಲು ಎಂಬ ಒಂದೇ ಮಾತಿನಿಂದ ಅದನ್ನು ಹೆಚ್ಚುಕಡಿಮೆ ಗುಜರಿಯ ದರಕ್ಕೆ ಇಳಿಸಿದ್ದಾರೆ. ಸಂಗ್ರಾಹಕನನ್ನು ಮೋಸಗೊಳಿಸಲು ನಿನ್ನೆ ಮೊನ್ನೆ ಮಾಡಿದ ನಕಲಿಗೂ, ಬಂದೂಕು ಬೇಕಾಗಿದ್ದ ಜನ ತಮ್ಮ ಬಳಕೆಗೆಂದೇ ನೂರು ವರ್ಷದ ಹಿಂದೆ ಕುಲುಮೆಯಲ್ಲಿ ಕಾಯಿಸಿ ಮಾಡಿಕೊಂಡ ಆಯುಧಕ್ಕೂ ವ್ಯತ್ಯಾಸವಿದೆ. ಇಂಥ ಬಂದೂಕುಗಳನ್ನೇ ಅರಸಿ ಕೂಡಿಡುವ ಸಂಗ್ರಾಹಕರಿದ್ದಾರೆ. ಅದರ ಕಬ್ಬಿಣದ ಗುಣವನ್ನು ನಂಬುವಂತಿಲ್ಲ, ಎಂದಿಗೂ ಅದರಿಂದ ಗುಂಡು ಹಾರಿಸಬಾರದು ಎಂದು ಸುಬೇದಾರ್ ಸಾಹೇಬರು ಕೆಂಪು ಶಾಯಿಯಲ್ಲಿ ಬರೆದದ್ದು ಸರಿ. ಆದರೆ ಹಾರಿಸಲಾಗದಿರುವುದು ಬೇರೆ, ಬೆಲೆಯಿಲ್ಲದಿರುವುದು ಬೇರೆ. ನಾನು ವಾದಿಸಿದಾಗ ಅವರು ಮುಗುಳ್ನಕ್ಕು, ಫೌಜಿನವರಿಗೆ ನಕಲಿನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ ಎಂದರು. ಅದು ಪ್ರಾಮಾಣಿಕ ಉತ್ತರ, ಆದರೂ ಬೆಲೆ ಕಟ್ಟುವವರ ಒಲವು ಅಂಕಿಯಲ್ಲಿ ಇಳಿಯಬಾರದು.

ಶುಲ್ಕ ಒಂದು ಬಂದೂಕಿಗೆ 1,500 ರೂಪಾಯಿ, ಲಿಖಿತ ವರದಿಗೆ ಮತ್ತೆ 1,000 ರೂಪಾಯಿ. ಕೈಯಲ್ಲಿ ಮಾಡುವ ಪರೀಕ್ಷೆಗೆ ಇದು ಕಡಿಮೆಯೇ. ವರದಿಗೆ ಮಾತ್ರ ತುಸು ಹೆಚ್ಚು. ಹೇಳಿದ ವಾಯಿದೆ ದಾಟಿ ಬಹಳ ದಿನ ಕಾಯಿಸಿದರು, ಗುರುತುಗಳ ಫೋಟೋಗಳು ಮಸುಕಾಗಿ ಅಚ್ಚಾಗಿವೆ, ಮತ್ತು ವರದಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಬೆಂಚಿನ ಮುಂದೆ ಅಷ್ಟು ಚೆಂದದ ಕನ್ನಡದಲ್ಲಿ ವಿವರಿಸಿದವರು, ಕನ್ನಡವನ್ನಷ್ಟೇ ಓದುವ ಹಿರಿಯರು ರುಜು ಹಾಕಬೇಕಾದ ಮನೆತನಕ್ಕೆ ಒಂದು ಪುಟವನ್ನಾದರೂ ಕನ್ನಡದಲ್ಲಿ ಕೊಡಬಹುದಿತ್ತು. ಫೋಟೋಗಳನ್ನು ನಾವೇ ಸೀಮೆಸುಣ್ಣದ ಪುಡಿ ಹಚ್ಚಿ, ಓರೆ ಬೆಳಕಿನಲ್ಲಿ, ಮೊಬೈಲಿನಿಂದ ಮತ್ತೆ ತೆಗೆದುಕೊಂಡೆವು. ಅದಕ್ಕೆ ಅವರು ಬೇಸರಿಸಲಿಲ್ಲ.

ಮುಂದೇನು ಮಾಡಬೇಕೆಂಬ ಸಲಹೆಗೆ ಅವರು ಹಣ ಕೇಳಲಿಲ್ಲ. ಬಳಕೆಗೆ ಬಾರದ, ದುರಸ್ತಿ ಮಾಡಿದರೂ ಹಾರದ ಹಳೆಯ ಮಾದರಿಯ ಆಯುಧಗಳಿಗೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ ಎಂದು ಕೇಳಿ, ನಳಿಗೆಗೆ ತೂತು ಹೊಡೆಸಿಕೊಂಡು ಗೋಡೆಗೆ ತೂಗುಹಾಕಬೇಕೆಂದು ಹೊರಡುವವರಿದ್ದಾರೆ. ಅಂಥ ತೂತು ಬಂದೂಕಿನ ಬೆಲೆಯನ್ನು ಶಾಶ್ವತವಾಗಿ ಕಳೆಯುತ್ತದೆ, ಮತ್ತು ಒಂದು ಬಂದೂಕು ಆ ವಿನಾಯಿತಿಗೆ ಒಳಪಡುತ್ತದೋ ಇಲ್ಲವೋ ಎಂಬುದನ್ನು ಮಾಲೀಕನಾಗಲಿ ಅಂಗಡಿಯವನಾಗಲಿ ಬಾಯಿಮಾತಿನಲ್ಲಿ ತೀರ್ಮಾನಿಸುವಂತಿಲ್ಲ, ಲೈಸೆನ್ಸ್ ಕೊಡುವ ಅಧಿಕಾರಿಯಿಂದ ಲಿಖಿತವಾಗಿ ಪಡೆಯಬೇಕು ಎಂದು ಅವರು ಎಚ್ಚರಿಸಿದರು. ನಾವು 1859ರ ಬಂದೂಕು ಮತ್ತು ಸ್ನೈಡರನ್ನು ಅಣ್ಣನ ಹೆಸರಿಗೆ, ಸರಹದ್ದಿನದನ್ನು ನನ್ನ ಹೆಸರಿಗೆ ಕೇಳಿ ಅರ್ಜಿ ಹಾಕಿದ್ದೇವೆ. ಅನುಮತಿ ಬರುವವರೆಗೆ ಮೂರೂ ಠೇವಣಿಯಲ್ಲಿಯೇ ಇವೆ.

ಹೋಗುವವರು ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಾರದು. ಮೊದಲು ಲೈಸೆನ್ಸಿನ ಪ್ರತಿಯನ್ನು ತೋರಿಸಿ ದಿನ ಗೊತ್ತು ಮಾಡಿಕೊಳ್ಳಬೇಕು, ಬರುವ ದಿನ ಮೂಲ ಲೈಸೆನ್ಸ್ ಜೊತೆಯಲ್ಲಿರಬೇಕು, ಮಾಲೀಕರು ತೀರಿಕೊಂಡಿದ್ದರೆ ಠೇವಣಿಯ ರಶೀದಿ ಮತ್ತು ವಾರಸಾ ದಾಖಲೆ ಬೇಕಾಗುತ್ತದೆ. ಮನೆಯಲ್ಲಿ ಹಳೆಯ ಲೈಸೆನ್ಸ್ ಪುಸ್ತಕ, ಫೌಜಿನ ಬಿಡುಗಡೆ ಪತ್ರ, ಬಂದೂಕು ಹಿಡಿದು ತೆಗೆಸಿಕೊಂಡ ಫೋಟೋ ಏನಿದ್ದರೂ ತೆಗೆದುಕೊಂಡು ಹೋಗುವುದು ಒಳ್ಳೆಯದು. ಹೋಗುವ ಮುನ್ನ ಬಂದೂಕನ್ನು ತೊಳೆಯುವುದು, ತಿಕ್ಕುವುದು ಬೇಡ, ಜೇಡರ ಬಲೆ ಇದ್ದರೆ ಇರಲಿ. ಚುನಾವಣೆ ಘೋಷಣೆಯಾದ ಮೇಲೆ ಹೋಗಿ ಪ್ರಯೋಜನವಿಲ್ಲ. ಜಿಲ್ಲೆಯ ಠೇವಣಿ ಬಂದೂಕುಗಳೆಲ್ಲ ಬಂದು ಕೂಡುವುದರಿಂದ ಫಲಿತಾಂಶ ಮುಗಿಯುವವರೆಗೆ ಈ ಪರೀಕ್ಷೆಯ ಕೆಲಸವನ್ನು ಅಂಗಡಿಯವರು ಹಿಡಿಯುವುದಿಲ್ಲ.